ಹಿಂದಕ್ಕೆ ಕೊಟ್ಟದ್ದು

ಇದನ್ನು ಹೇಳಲು ಹೊರಟಿರುವುದೇ ಅಧಿಕಪ್ರಸಂಗವೆಂದು ಗೊತ್ತಿದೆ. ದೊಡ್ಡವರ ಮನೆಯ ಒಳಗಿನ ಮಾತು ಗೇಟಿನ ಹೊರಗೆ ನಿಂತವರಿಗೆ ಅರ್ಧ ಕೇಳಿಸುತ್ತದೆ, ಉಳಿದರ್ಧವನ್ನು ಮನಸ್ಸೇ ತುಂಬಿಕೊಳ್ಳುತ್ತದೆ. ಕೇಳಿದ್ದು ಎಲ್ಲಿ ಮುಗಿಯಿತು, ತುಂಬಿಕೊಂಡದ್ದು ಎಲ್ಲಿ ಶುರುವಾಯಿತು ಎಂದು ಯಾರಾದರೂ ಗಟ್ಟಿಸಿ ಕೇಳಿದರೆ ಉತ್ತರ ಕೊಡುವುದು ಕಷ್ಟ. ತಪ್ಪಿದ್ದಲ್ಲಿ ಅದು ಆ ಮನೆಯಾಕೆಯದಲ್ಲ, ಹೇಳಿದವರದು ಎಂದುಕೊಂಡು ಕ್ಷಮಿಸಬೇಕು.

ದೇಶದ ಅಧ್ಯಕ್ಷರ ಹೆಂಡತಿ ದಿನವೂ ಬೆಳಿಗ್ಗೆ ಏಳೂವರೆಗೆ ಸಹಿ ಹಾಕಲು ಕೂರಬೇಕಾಗಿತ್ತು. ಪತ್ರಗಳನ್ನು ಆಪ್ತ ಕಾರ್ಯದರ್ಶಿ ಮೂರು ಫೈಲುಗಳಲ್ಲಿ ಹಾಕಿ ತರುತ್ತಿದ್ದಳು: ಹಾರೈಕೆಯದೊಂದು, ಸಂತಾಪದ್ದೊಂದು, ವಿನಯಪೂರ್ವಕ ನಿರಾಕರಣೆಯದೊಂದು. ಮೂವತ್ತೈದರ ಆಸುಪಾಸಿನ ಈ ಕಾರ್ಯದರ್ಶಿಗೆ ಅಡುಗೆಮನೆಯವರು ಇಟ್ಟ ಹೆಸರು ನಿಮಿಷದ ಮುಳ್ಳು. ಅವಳು ಎದುರು ನಿಂತು, ಹಾಳೆಯ ಕೆಳತುದಿಯನ್ನಷ್ಟೇ ಎತ್ತಿ ಸಹಿಯ ಜಾಗ ತೋರಿಸುತ್ತಿದ್ದಳು. ಮೇಲೇನಿದೆ ಎಂದು ಓದಲು ಹೊರಟರೆ ಕಾಲು ಬದಲಾಯಿಸಿ ನಿಲ್ಲುತ್ತಿದ್ದಳು. ಆದರೆ ಓದದೆ ಇರುವುದು ಅಧ್ಯಕ್ಷರ ಹೆಂಡತಿಗೆ ಬರುತ್ತಿರಲಿಲ್ಲ. ಮದುವೆಗೆ ಮೊದಲು ನಾಲ್ಕು ವರ್ಷ, ಆಮೇಲೆ ಹದಿನಾಲ್ಕು ವರ್ಷ ರೈಲ್ವೆ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು, ಕೈಗೆ ಬಂದ ಚೀಟಿಯನ್ನೆಲ್ಲ ಮೈಕಿನಲ್ಲಿ ಓದಿದವಳು. ಯಾರೋ ಮಾಡಿದ ತಡಕ್ಕೆ, ಯಾವುದೋ ಊರಿನಲ್ಲಿ ಕೆಟ್ಟು ನಿಂತ ಎಂಜಿನ್ನಿಗೆ, ತಾನು ಕಂಡೇ ಇರದ ಜನರ ಹತ್ತಿರ ದಿನಕ್ಕೆ ನಲವತ್ತು ಸಲ ವಿಷಾದ ವ್ಯಕ್ತಪಡಿಸಿದವಳು. ಈಗಲೂ ಕಾಗದ ಕಂಡರೆ ತುಟಿ ತಾನಾಗಿ ಅಲ್ಲಾಡುತ್ತಿತ್ತು. ಆ ಗುರುವಾರ ಮೂರನೆಯ ಫೈಲಿನಲ್ಲಿ, ಉತ್ತರದ ಅಡಿಗೆ ಪಿನ್ನು ಹಾಕಿಟ್ಟಿದ್ದ ಮೂಲ ಪತ್ರ ಬೇರೆ ಪತ್ರಗಳ ಹಾಗಿರಲಿಲ್ಲ. ಆಸ್ಪತ್ರೆಯಲ್ಲಿ ಹಾಸಿಗೆಯ ತುದಿಗೆ ತೂಗುಹಾಕುವ ಜ್ವರದ ಪಟ್ಟಿ ಅದು; ಏರಿಳಿಯುವ ಕೆಂಪು ಗೆರೆ ಈ ಬದಿಗೂ ಮಸುಕಾಗಿ ಕಾಣುತ್ತಿತ್ತು. ಅದರ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದಿತ್ತು.

'ಮಾನ್ಯರೇ, ಬೇರೆ ಕಾಗದ ಕೈಗೆ ಸಿಗಲಿಲ್ಲ, ಕ್ಷಮಿಸಿ. ನಾನು ಮೂಳೆ ವಾರ್ಡಿನ ನರ್ಸ್. ಗಿರಣಿಯ ಚಾವಣಿ ಕುಸಿದಾಗ ತಾವು ಬಂದು ನೋಡಿದಿರಲ್ಲ, ಹದಿನಾಲ್ಕನೇ ಹಾಸಿಗೆಯ ಹೆಂಗಸು, ಬಟ್ಟೆ ಮಡಿಸುವ ಕೆಲಸದವರು, ಅವರ ಬಲಗಾಲಿನ ಮೂಳೆಗೆ ಕೀವು ಇಳಿದಿದೆ. ಕಾಲು ತೆಗೆಯದಿದ್ದರೆ ಜೀವ ಉಳಿಯುವುದಿಲ್ಲ. ಒಪ್ಪಿಗೆಗೆ ಸಹಿ ಮಾಡಿ ಎಂದರೆ, ಅಮ್ಮಾವ್ರು ಬರ್ತೀನಿ ಅಂದಿದಾರೆ, ಬರಲಿ, ಆಮೇಲೆ ಮಾಡ್ತೀನಿ ಅನ್ನುತ್ತಾರೆ. ಬೇರೆ ಮಾತೇ ಇಲ್ಲ. ಮಗಳು ಗಿರಣಿಯಲ್ಲೇ ಹೋದಳು, ಹೇಳುವವರು ಕೇಳುವವರು ಯಾರೂ ಇಲ್ಲ. ಗುರುವಾರ ದಾಟಿದರೆ ಕೈ ಮೀರುತ್ತದೆ ಎಂದು ಡಾಕ್ಟರು ಹೇಳಿದ್ದಾರೆ.'

ಅದರ ಮೇಲಿನ ಉತ್ತರ ಟೈಪಾಗಿತ್ತು. 'ತಮ್ಮ ಪತ್ರ ತಲುಪಿದೆ. ಅಧ್ಯಕ್ಷರ ಪತ್ನಿಯವರು ತಮ್ಮ ಶೀಘ್ರ ಚೇತರಿಕೆಯನ್ನು ಹಾರೈಸುತ್ತಾರೆ.'

"ಇದು ಯಾರ ಚೇತರಿಕೆ? ಕಾಗದ ಬರೆದೋಳು ನರ್ಸು. ಅವಳಿಗೇನಾಗಿದೆ?" ಎಂದಳು.

ನಿಮಿಷದ ಮುಳ್ಳು ಬಗ್ಗಿ ನೋಡಿದಳು. "ತಿದ್ದಿಸ್ತೀನಿ ಮೇಡಂ."

"ತಿದ್ದೋದಲ್ಲ. ನಾನು ಬರ್ತೀನಿ ಅಂತ ಯಾವಾಗ ಅಂದೆ?"

"ನೀವು ಹೋಗಿ ಬರ್ತೀನಿ ಅಂದ್ರಿ ಮೇಡಂ, ಎಲ್ರೂ ಅನ್ನೋ ಹಾಗೆ. ಹೋಗ್ತೀನಿ ಅಂತ ಯಾರಾದ್ರೂ ಅಂತಾರಾ, ಅದೂ ಆಸ್ಪತ್ರೇಲಿ? ಅದನ್ನೇ ಹಿಡ್ಕೊಂಡು ಕೂತ್ರೆ ಏನು ಮಾಡೋದು?"

ನಿಜ, ಯಾರೂ ಅನ್ನುವುದಿಲ್ಲ. ಚಿಕ್ಕವಳಿದ್ದಾಗ ಹೊಸಿಲಲ್ಲಿ ನಿಂತು ಹೋಗ್ತೀನಿ ಎಂದದ್ದಕ್ಕೆ ಅಜ್ಜಿ ತಲೆಗೆ ಮೊಟಕಿದ್ದಳು: ಹೋಗೋದು ಅಂದ್ರೆ ಒಂದೇ ಸಲ ಹೋಗೋದು ಕಣೇ, ಬಿಡ್ತು ಅನ್ನು. ಅಂದಿನಿಂದ ಎಷ್ಟು ಸಾವಿರ ಬಾಗಿಲುಗಳಲ್ಲಿ ಹೋಗಿ ಬರ್ತೀನಿ ಎಂದಿದ್ದಾಳೋ. ಅನಾಥಾಲಯಗಳಲ್ಲಿ, ಕುಷ್ಠರೋಗಿಗಳ ವಸತಿಯಲ್ಲಿ, ಹಡಗುಕಟ್ಟೆಯಲ್ಲಿ, ಮತ್ತೆ ಕಾಲಿಡುವುದಿಲ್ಲವೆಂದು ಖಚಿತವಾಗಿ ತಿಳಿದ ಜಾಗಗಳಲ್ಲಿ. ಅದಕ್ಕೆ ಆಗಲಿ ಎನ್ನುತ್ತಾರೆ, ಕೈ ಮುಗಿಯುತ್ತಾರೆ, ಸುಮ್ಮನೆ ನಗುತ್ತಾರೆ. ಆ ಹೆಂಗಸು ಒಬ್ಬಳೇ, ದಿಂಬಿನಿಂದ ತಲೆಯೆತ್ತಿ, "ಯಾವಾಗ?" ಎಂದು ಕೇಳಿದ್ದಳು. ಸುತ್ತ ನಿಂತ ಡಾಕ್ಟರುಗಳು, ಅಧಿಕಾರಿಗಳು, ಎರಡು ಕ್ಯಾಮೆರಾದವರು ಎಲ್ಲ ಮೆಲ್ಲಗೆ ನಕ್ಕಿದ್ದರು, ಮಗು ಏನೋ ಕೇಳಿಬಿಟ್ಟ ಹಾಗೆ. ಅಧ್ಯಕ್ಷರ ಹೆಂಡತಿಯೂ ನಕ್ಕಿದ್ದಳು. "ಬೇಗ" ಎಂದಿದ್ದಳು. ನಿಲ್ದಾಣದ ಮೇಲ್ವಿಚಾರಕರು ಕೆಲಸ ಕಲಿಸುವಾಗ ಹೇಳಿಕೊಟ್ಟಿದ್ದೇ ಅದು: ರೈಲು ಎಲ್ಲಿದೆಯೆಂದು ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಬಾರದು, ಜನ ಗಲಾಟೆ ಮಾಡ್ತಾರೆ, ಶೀಘ್ರದಲ್ಲೇ ಬರಲಿದೆ ಅನ್ನು. ಶೀಘ್ರದಲ್ಲೇ ಎಂದ ಮೇಲೆ ಜನ ಹಾಸಿದ ಬಟ್ಟೆ ಮಡಿಸಿ, ಮಕ್ಕಳನ್ನು ಎಬ್ಬಿಸಿ, ಗಂಟುಮೂಟೆ ಹೊತ್ತು ಪ್ಲಾಟ್‌ಫಾರಮ್ಮಿನ ತುದಿಗೆ ಬಂದು ನಿಲ್ಲುತ್ತಿದ್ದರು. ಗಾಜಿನ ಗೂಡಿನಿಂದ ಅವಳಿಗೆ ಅವರು ಕಾಣುತ್ತಿದ್ದರು. ಎರಡು ಗಂಟೆ ಹಾಗೇ ನಿಂತಿರುತ್ತಿದ್ದರು.

ಆ ಹೆಂಗಸು ಮೂರು ತಿಂಗಳು.

ತಿಂಡಿಯ ಮೇಜಿನಲ್ಲಿ ಗಂಡ ಪತ್ರಿಕೆಗಳನ್ನು ಎದುರಿಗೆ ಒಡ್ಡಿಕೊಂಡು ಕೂತಿದ್ದರು. ಅವರು ಮೊದಲು ವಕೀಲರು. ವಾರಕ್ಕೆರಡು ಸಲ ಬೇರೆ ಊರಿನ ಕೋರ್ಟಿಗೆ ಹೋಗಲು ಎರಡನೇ ಪ್ಲಾಟ್‌ಫಾರಮ್ಮಿನ ಬೆಂಚಿನಲ್ಲಿ ಕೂತು, ಮುಖ ನೋಡದೆ ದನಿಯನ್ನೇ ಮೆಚ್ಚಿದವರು. ಈಗಲೂ ಇಬ್ಬರೇ ಇದ್ದಾಗ ಅವಳನ್ನು ಕರೆಯುವುದು ಹಾಗೆಯೇ.

"ಏನಮ್ಮಾ ಎರಡನೇ ಪ್ಲಾಟ್‌ಫಾರಂ, ಮುಖ ಯಾಕೋ ತಡವಾಗಿ ಓಡ್ತಾ ಇದೆ?"

"ರೀ, ಆಸ್ಪತ್ರೆಗೆ ಒಂದು ಗಳಿಗೆ ಹೋಗಿ ಬರ್ಲಾ?" ಎಂದು ಕೇಳಿ, ನಾಲಿಗೆಗೆ ಮತ್ತೆ ಅದೇ ಮಾತು ಬಂದುದಕ್ಕೆ ತುಟಿ ಕಚ್ಚಿಕೊಂಡಳು. ಪತ್ರದ ವಿಷಯ ಹೇಳಿದಳು. ಹೇಳುತ್ತ ಹೇಳುತ್ತ ಅದು ಬಹಳ ಸಣ್ಣದಾಗಿ, ಮನೆಕೆಲಸದ ತಾಪತ್ರಯದಂತೆ ಕೇಳಿಸತೊಡಗಿತು.

ಅವರು ಕನ್ನಡಕ ತೆಗೆದು ಒರೆಸಿದರು. "ನೋಡು, ಗಿರಣಿ ವಿಚಾರಣೆ ನಡೀತಾ ಇದೆ. ಈಗ ನೀನು ಹೋದ್ರೆ ಅದೊಂದು ಹೇಳಿಕೆ ಆಗತ್ತೆ. ಹೋಗದೆ ಇದ್ರೂ ಹೇಳಿಕೆನೇ, ಆದ್ರೆ ಸಣ್ಣದು. ಸಣ್ಣದನ್ನ ತಡ್ಕೋಬಹುದು."

"ಅವಳ ಕಾಲು?"

"ನೀನು ಹೋದ್ರೆ ಕಾಲು ಉಳಿಯತ್ತಾ?"

"ಕಾಲು ಹೇಗಿದ್ರೂ ಹೋಗತ್ತೆ. ಜೀವ ಉಳಿಯತ್ತೆ."

ಅವರು ಕನ್ನಡಕ ಹಾಕಿಕೊಂಡು ಅವಳನ್ನು ನೋಡಿದರು. "ಹೋಗ್ಬೇಡ ಅಂತ ನಾನು ಹೇಳ್ಲಿಲ್ಲ."

"ಹೋಗು ಅಂತಾನೂ ಹೇಳ್ಲಿಲ್ಲ."

"ಹಿಂಗೆ ಮಾತಾಡೋಕೆ ಬರತ್ತೆ ಅಂತಾನೇ ಅಲ್ವಾ ಜನ ವೋಟು ಹಾಕಿದ್ದು?" ಎಂದರು. ಅವಳಿಗೆ ನಗು ಬಂದುಬಿಟ್ಟಿತು. ನಗುತ್ತಿರುವಾಗಲೇ ನಾಚಿಕೆಯೂ ಬಂತು. ಈ ಮನುಷ್ಯ ಕೆಟ್ಟವರಲ್ಲ ಎಂಬುದೇ ಅವಳ ಕಷ್ಟವಾಗಿತ್ತು. ಕೆಟ್ಟವರಾಗಿದ್ದರೆ ಎದುರು ನಿಲ್ಲಬಹುದಿತ್ತು. ಇವರ ಎದುರು ನಿಂತರೆ ತನ್ನದೇ ಸಂಸಾರದ ಎದುರು ನಿಂತ ಹಾಗೆ. ಗಿರಣಿ ಕುಸಿದ ದಿನ ಇವರು ಊಟ ಬಿಟ್ಟಿದ್ದರು, ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತಿದ್ದರು. ಮಾರನೆಯ ದಿನ, ನೀನು ಮೊದಲು ಹೋಗು, ನಾನು ಹೋದ್ರೆ ಘೋಷಣೆ ಕೂಗ್ತಾರೆ, ಹೆಂಗಸು ಹೋದ್ರೆ ಯಾರೂ ಕೂಗಲ್ಲ ಎಂದಿದ್ದರು. ಅದೂ ನಿಜವೇ ಆಗಿತ್ತು. ಯಾರೂ ಕೂಗಲಿಲ್ಲ.

ಹತ್ತು ಗಂಟೆಗೆ ಹೊಸ ಅಂಚೆ ಕಚೇರಿಯ ಉದ್ಘಾಟನೆ. ಕಾರಿನಲ್ಲಿ ನಿಮಿಷದ ಮುಳ್ಳು ಪಕ್ಕದಲ್ಲಿ ಕೂತು ಕಾರ್ಯಕ್ರಮ ಓದಿದಳು: ಎಷ್ಟು ಮೆಟ್ಟಿಲು, ಯಾರ ಕೈ ಕುಲುಕಬೇಕು, ಯಾರದನ್ನು ಕುಲುಕಬಾರದು, ಎಲ್ಲಿ ಎಡಕ್ಕೆ ತಿರುಗಬೇಕು. ಆಸ್ಪತ್ರೆಯ ವಿಷಯ ಅವಳಾಗಿಯೇ ಎತ್ತಿದಳು. "ಸತ್ತೋರ ಮನೆ ಮೂವತ್ತೊಂದು ಇದೆ ಮೇಡಂ. ನೀವು ಒಬ್ಬರ ಹತ್ರ ಹೋದ್ರೆ ಮೂವತ್ತು ಜನರ ಹತ್ರ ಹೋಗ್ಲಿಲ್ಲ ಅಂತ ಆಗತ್ತೆ." ಅವಳ ಲೆಕ್ಕ ಯಾವಾಗಲೂ ಸರಿಯಾಗಿರುತ್ತಿತ್ತು. ಅಧ್ಯಕ್ಷರ ಹೆಂಡತಿ ಕಿಟಕಿಯ ಹೊರಗೆ ನೋಡಿದಳು. ಸಿಗ್ನಲ್ಲಿನಲ್ಲಿ ಒಬ್ಬ ಹೆಂಗಸು ಸೈಕಲ್ಲಿನ ಹ್ಯಾಂಡಲ್ಲಿಗೆ ಎರಡು ಚೀಲ ಸಿಕ್ಕಿಸಿಕೊಂಡು, ಬಾಯಲ್ಲಿ ಒಂದು ಕೀಲಿ ಕಚ್ಚಿಕೊಂಡು ನಿಂತಿದ್ದಳು. ಅವಳ ಮನೆಯ ಬಾಗಿಲನ್ನು ಅವಳೇ ತೆಗೆಯುತ್ತಾಳೆ. ತನ್ನ ಕೈ ಕೊನೆಯ ಸಲ ಒಂದು ಬೀಗ ತೆಗೆದದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಲು ನೋಡಿದಳು, ಆಗಲಿಲ್ಲ. ಆ ಹೆಂಗಸು, ಬಟ್ಟೆ ಮಡಿಸುವವಳು, ಏನು ಕೇಳಬಹುದು? ಚಾವಣಿ ಸೋರುತ್ತಿದೆ ಎಂದು ಆರು ತಿಂಗಳ ಮುಂಚೆಯೇ ಅರ್ಜಿ ಕೊಟ್ಟಿದ್ದೆವು, ಓದಿದಿರಾ ಎಂದು ಕೇಳಬಹುದು. ನಿಮಗೆ ಮಗಳಿದ್ದಾಳಾ ಎಂದು ಕೇಳಬಹುದು. ಕೇಳದೆ ಬರೀ ನೋಡಬಹುದು; ಅದೇ ಕಷ್ಟ. ಪ್ರತಿಯೊಂದಕ್ಕೂ ಮನಸ್ಸು ತಾನಾಗಿ ಉತ್ತರ ಹೊಂದಿಸುತ್ತಿತ್ತು, ಅಡಚಣೆಗಾಗಿ ವಿಷಾದಿಸುತ್ತೇವೆ ಎಂಬ ಧಾಟಿಯಲ್ಲಿ, ಪ್ರತಿ ಉತ್ತರವೂ ವ್ಯಾಕರಣಬದ್ಧವಾಗಿತ್ತು.

ಅಂಚೆ ಕಚೇರಿಯಲ್ಲಿ ಹೊಸ ಬಣ್ಣದ ವಾಸನೆ. ಟೇಪು ಕತ್ತರಿಸಿದಳು. ಕತ್ತರಿಯನ್ನು ಹಿಂದಕ್ಕೆ ಕೊಟ್ಟಳು. ಹೂಗುಚ್ಛ ಕೊಟ್ಟರು, ಹಿಂದಕ್ಕೆ ಕೊಟ್ಟಳು. ಅಂಚೆಪೆಟ್ಟಿಗೆಯ ಆಕಾರದ ಹಿತ್ತಾಳೆಯ ಫಲಕ ಕೊಟ್ಟರು, ಕ್ಯಾಮೆರಾದ ಕಡೆ ನೋಡಿ ನಕ್ಕು ಅದನ್ನೂ ಹಿಂದಕ್ಕೆ ಕೊಟ್ಟಳು. ಈ ಮನೆಗೆ ಬಂದ ಮೊದಲ ವಾರವೇ ಕಲಿಸಿದ್ದರು: ಬಂದದ್ದನ್ನು ಎರಡು ಕೈಯಲ್ಲಿ ತೆಗೆದುಕೊಳ್ಳಿ, ಒಂದು ಕೈಯಲ್ಲಿ ಹಿಂದಕ್ಕೆ ಕೊಡಿ, ತಿರುಗಿ ನೋಡಬೇಡಿ, ತಿರುಗಿದರೆ ಫೋಟೋದಲ್ಲಿ ನಿಮ್ಮ ಬೆನ್ನು ಬರುತ್ತದೆ. ಹಿಂದೆ ಒಂದು ಕೈ ಇದ್ದೇ ಇರುತ್ತದೆ. ಮೊದಮೊದಲು ಭಯವಾಗುತ್ತಿತ್ತು, ಬಿದ್ದು ಒಡೆದರೆ ಎಂದು. ಯಾವತ್ತೂ ಬೀಳಲಿಲ್ಲ. ನಾಲ್ಕು ವರ್ಷದಲ್ಲಿ ಆ ಕೈ ಎಷ್ಟು ಅಭ್ಯಾಸವಾಗಿತ್ತೆಂದರೆ, ಒಮ್ಮೆ ಮನೆಯಲ್ಲಿ ಇಬ್ಬರೇ ಇದ್ದಾಗ ಚಹಾ ಕುಡಿದ ಲೋಟವನ್ನು ಹಿಂದಕ್ಕೆ ಕೊಟ್ಟು, ಅದು ನೆಲದಲ್ಲಿ ಚೂರಾಗಿ, ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಪೋಸ್ಟ್ ಮಾಸ್ತರರು ಹೊಸ ಕೌಂಟರಿನ ಮೊದಲ ಸ್ಟಾಂಪು ಅಂಟಿಸಿದ ಲಕೋಟೆಯನ್ನು ಎದುರಿಗೆ ಇಟ್ಟು, "ತಾವು ಯಾರಿಗಾದ್ರೂ ಒಂದು ವಿಳಾಸ ಬರೀಬೇಕು ಅಮ್ಮಾವ್ರೇ, ಮೊದಲನೇ ಕಾಗದ ತಮ್ಮದೇ ಆಗ್ಲಿ" ಎಂದರು. ಅದು ಕಾರ್ಯಕ್ರಮದಲ್ಲಿ ಇರಲಿಲ್ಲ. ಪೆನ್ನು ಹಿಡಿದು ನಿಂತಳು. ತಾಯಿಯಿಲ್ಲ. ಅಕ್ಕ ಹೋಗಿ ಎರಡು ವರ್ಷ. ಗೂಡಿನಲ್ಲಿ ಜೊತೆಗಿದ್ದ ಗೆಳತಿಯ ಮನೆ ನಂಬರು ಮರೆತಿತ್ತು. ಸುತ್ತ ನಿಂತವರು ಪ್ರೀತಿಯಿಂದ ಕಾಯುತ್ತಿದ್ದರು. ಬೆನ್ನ ಹಿಂದೆ ನಿಮಿಷದ ಮುಳ್ಳು ಗಂಟಲು ಸರಿಮಾಡಿಕೊಂಡಳು. ಕೊನೆಗೆ ಅವಳು ತನ್ನದೇ ಮನೆಯ ವಿಳಾಸ ಬರೆದಳು, ಅಧ್ಯಕ್ಷರ ಮನೆ ಎಂದು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಮುಗಿಯುವ ಮೊದಲೇ ಮೆಟ್ಟಿಲಿಳಿದು ಕಾರಿನಲ್ಲಿ ಕೂತು, ಡ್ರೈವರಿಗೆ "ಆಸ್ಪತ್ರೆಗೆ" ಎಂದಳು.

ಡ್ರೈವರು ಕನ್ನಡಿಯಲ್ಲಿ ಕಾರ್ಯದರ್ಶಿಯನ್ನು ನೋಡಿದರು.

"ಅವಳನ್ನ ಯಾಕಪ್ಪಾ ನೋಡ್ತೀರಿ? ಹೇಳಿದ್ದು ನಾನು."

"ಅಲ್ಲ ಅಮ್ಮಾವ್ರೇ, ಮುಂದಿನ ಬಾಗಿಲೋ ಹಿಂದಿನ ಬಾಗಿಲೋ ಅಂತ" ಎಂದರು ಅವರು, ಇಪ್ಪತ್ತು ವರ್ಷ ದೊಡ್ಡವರ ಕಾರು ಓಡಿಸಿದ ಮನುಷ್ಯ.

"ಜನ ಹೋಗೋ ಬಾಗಿಲು ಯಾವುದಿದೆಯೋ ಅದು."

ಮೂಳೆ ವಾರ್ಡು ಎರಡನೆಯ ಮಹಡಿ. ಹಿಂದಿನ ಸಲ ಬಂದಾಗ ನೆಲ ಒರೆಸಿ ಒದ್ದೆಯಿತ್ತು, ಹಾಸಿಗೆಗಳಿಗೆಲ್ಲ ಹೊಸ ಹೊದಿಕೆ ಇತ್ತು; ಮೆಟ್ಟಿಲ ಮೇಲೆ ರತ್ನಗಂಬಳಿಯಂಥದ್ದೇನೋ ಹಾಸಿದ್ದರು. ಈ ಸಲ ಮೆಟ್ಟಿಲ ಮೇಲೆ ಜನ ಕೂತು ಊಟದ ಡಬ್ಬಿ ಬಿಚ್ಚಿದ್ದರು, ಕಾಲು ಮಡಚಿ ಜಾಗ ಬಿಟ್ಟರು, ಯಾರೆಂದು ನೋಡಲಿಲ್ಲ. ನರ್ಸು ಗಿಡ್ಡನೆಯ ಹೆಂಗಸು, ತುರುಬಿಗೆ ಪೆನ್ಸಿಲು ಸಿಕ್ಕಿಸಿಕೊಂಡಿದ್ದಳು. ಬಂದವಳನ್ನು ಕಂಡು ಕೈಯಲ್ಲಿದ್ದ ಟ್ರೇಯನ್ನು ಎಲ್ಲಿಡುವುದೆಂದು ತಿಳಿಯದೆ ಹಿಡಿದೇ ನಿಂತಳು. "ಬರ್ತೀರಾ ಅಂತ ಅಂದ್ಕೊಂಡೇ ಇರ್ಲಿಲ್ಲ ಅಮ್ಮಾ. ಅವರು ಮಾತ್ರ ಅಂದ್ಕೊಂಡಿದ್ರು. ದಿನಾ ಬೆಳಿಗ್ಗೆ ತಲೆ ಬಾಚಿಸ್ಕೋತಾರೆ."

ಹದಿನಾಲ್ಕನೇ ಹಾಸಿಗೆ ಕಿಟಕಿಯ ಪಕ್ಕ. ಹೆಂಗಸು ಮೂರು ತಿಂಗಳಲ್ಲಿ ಅರ್ಧವಾಗಿದ್ದಳು. ಜ್ವರಕ್ಕೆ ಕಣ್ಣು ಹೊಳೆಯುತ್ತಿತ್ತು, ಬಾಚಿದ ತಲೆ ನುಣ್ಣಗಿತ್ತು, ಹೊದಿಕೆಯಡಿಯಿಂದ ಹಳಸಿದ ವಾಸನೆಯೊಂದು ಎದ್ದು ಬರುತ್ತಿತ್ತು. ಅವಳು ಬಂದವಳ ಮುಖ ನೋಡಲಿಲ್ಲ. ಮೊದಲು ಬಲಗೈ ನೋಡಿದಳು, ಆಮೇಲೆ ಎಡಗೈ. ಆಮೇಲೆ ಕತ್ತು ಓರೆ ಮಾಡಿ ಹಿಂದೆ ನಿಂತ ಕಾರ್ಯದರ್ಶಿಯ ಕೈ ನೋಡಿದಳು.

"ತಂದಿಲ್ವಾ ಅಕ್ಕಾ?" ಎಂದಳು.

"ಏನು?"

"ಗಂಟು."

ಅಧ್ಯಕ್ಷರ ಹೆಂಡತಿ ನರ್ಸಿನ ಕಡೆ ನೋಡಿದಳು. ನರ್ಸು ತನಗೂ ಗೊತ್ತಿಲ್ಲವೆಂದು ತಲೆಯಾಡಿಸಿದಳು.

"ಈ ಸ್ಟೂಲಿನ ಮೇಲಿತ್ತಲ್ಲ ಅಕ್ಕಾ," ಹೆಂಗಸು ಮಗುವಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದಳು. "ನೀಲಿ ಚೌಕಳಿ ಟವೆಲ್ಲಿನ ಗಂಟು. ನೀವು ಕೂತ್ಕೊಳ್ಳೋಕೆ ಅದನ್ನ ಎತ್ತಿದ್ರಿ. ಇವರಿಗೆ ಕೊಟ್ರಿ. ಆಮೇಲೆ ನನ್ನ ಕೈ ಹಿಡ್ಕೊಂಡ್ರಿ, ಫೋಟೋ ತೆಗೆದ್ರು. ಹೋಗಿ ಬರ್ತೀನಿ ಅಂದ್ರಿ, ಯಾವಾಗ ಅಂತ ನಾನು ಕೇಳ್ದೆ. ಗಂಟು ನಿಮ್ಮ ಹತ್ರಾನೇ ಇತ್ತಲ್ಲ, ಅದಕ್ಕೆ ಕೇಳಿದ್ದು."

ನೆನಪು ಮೊದಲು ಬಂದದ್ದು ತಲೆಗಲ್ಲ, ಅಂಗೈಗೆ. ಮೆತ್ತಗಿನ, ಹಗುರವಾದ ಏನೋ. ಮೇಲೆ ಎರಡು ಗಂಟು, ಒಳಗೆ ಏನೋ ಒಂದು ಗಟ್ಟಿ, ಬಾಚಣಿಗೆಯೋ ಬಳೆಯೋ. ಎರಡು ಕೈಯಲ್ಲಿ ಎತ್ತಿ, ಒಂದು ಕೈಯಲ್ಲಿ ಹಿಂದಕ್ಕೆ. ನೋಡಿರಲಿಲ್ಲ. ಹಿಂದೆ ಕೈ ಇತ್ತು, ತೆಗೆದುಕೊಂಡಿತು.

"ಅದರಲ್ಲಿ ಏನಿತ್ತು?"

"ಅವಳ ಬಟ್ಟೆ. ಗಿರಣೀಲಿ ಒಳಗೆ ಹೋಗೋವಾಗ ಅವರದ್ದೇ ಅಂಗಿ ಹಾಕ್ಕೋಬೇಕು, ನಮ್ಮದನ್ನ ಮಡಿಸಿ ಗೂಟಕ್ಕೆ ಕಟ್ಟಿಡ್ತೀವಿ. ಅವಳು ನೂಲು ಸುತ್ತೋ ಕಡೆ, ನಾನು ಮಡಿಸೋ ಕಡೆ. ಗೂಟ ಇದ್ದ ಗೋಡೆ ಬೀಳ್ಲಿಲ್ಲ ನೋಡಿ. ಜೊತೆಗಿದ್ದೋಳು ತಂದುಕೊಟ್ಳು." ಹೆಂಗಸು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಳು. "ಒಗೆದಿರ್ಲಿಲ್ಲ. ಬೆಳಿಗ್ಗೆ ಹಾಕ್ಕೊಂಡು ಬಂದಿದ್ದು. ಬಸ್ಸಿಗೆ ಓಡಿದ್ವಲ್ಲ, ಬೆವರಿತ್ತು."

"ನನಗೆ ಯಾಕೆ ಹೇಳ್ಲಿಲ್ಲ ನೀವು? ಮೂರು ತಿಂಗಳು!" ಎಂದು ನರ್ಸು ಹೆಚ್ಚುಕಡಿಮೆ ಕೂಗಿದಳು.

"ಏನಂತ ಹೇಳ್ಲಿ ಸಿಸ್ಟರ್? ಅಧ್ಯಕ್ಷರ ಹೆಂಡ್ತಿ ನನ್ನ ಗಂಟು ಎತ್ಕೊಂಡು ಹೋದ್ರು ಅಂತ ಹೇಳ್ಲಾ? ಗಂಟುಕಳ್ಳಿ ಅಂತ? ನಗಲ್ವಾ ನೀವು?" ಎಂದು ಹೆಂಗಸೇ ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ಹೊದಿಕೆಯಡಿಯ ಕಾಲಿಗೆ ತಾಗಿ ಮುಖ ಕಿವುಚಿತು. "ಬರ್ತೀನಿ ಅಂದೋರು ತರ್ತಾರೆ ಅಂತ ಸುಮ್ನಿದ್ದೆ. ಅದನ್ನ ನೋಡ್ದೆ ಆಪರೇಷನ್ನಿಗೆ ಒಳಗೆ ಹೋದ್ರೆ, ಒಳಗಿಂದ ವಾಪಸು ಬರ್ದೆ ಹೋದ್ರೆ? ಒಂದ್ಸಲ ಮೂಗಿಗೆ ಹಿಡ್ಕೊಂಡು ಹೋಗೋಣ ಅಂತ."

ವಾರ್ಡಿನ ಆ ತುದಿಯಲ್ಲಿ ಯಾರದೋ ಟ್ರಾನ್ಸಿಸ್ಟರು ಹವಾಮಾನ ಹೇಳುತ್ತಿತ್ತು. ಡಾಕ್ಟರು ಬಂದು ಬಾಗಿಲಲ್ಲಿ ನಿಂತಿದ್ದರು. ಅವರ ಕೈಯಲ್ಲಿ ಒಪ್ಪಿಗೆಯ ಹಾಳೆ ಇತ್ತು. ಗೊತ್ತಿಲ್ಲ ಅನ್ನಬೇಕಿತ್ತು. ತಪ್ಪಾಯಿತು, ನೋಡಲಿಲ್ಲ, ಎಲ್ಲಿ ಹೋಯಿತೋ ಗೊತ್ತಿಲ್ಲ. ಮೂರು ಸಣ್ಣ ವಾಕ್ಯ. ಹೇಳಿದರೆ ಈ ಹೆಂಗಸು ಮುಖವನ್ನು ಕಿಟಕಿಗೆ ತಿರುಗಿಸುತ್ತಾಳೆ, ಹಾಳೆ ಡಾಕ್ಟರ ಕೈಯಲ್ಲೇ ಉಳಿಯುತ್ತದೆ. ಹಾಗೆಂದುಕೊಂಡದ್ದು ನಿಜವೋ, ಅಥವಾ ಗೊತ್ತಿಲ್ಲ ಎಂಬ ಮಾತನ್ನು ಹದಿನೆಂಟು ವರ್ಷ ನುಂಗಿ ನುಂಗಿ ಗಂಟಲಿಗೆ ಅದು ಬಾರದೇ ಹೋಯಿತೋ, ಆಮೇಲೆ ಅವಳು ಎಷ್ಟು ಯೋಚಿಸಿದರೂ ತೀರ್ಮಾನವಾಗಲಿಲ್ಲ.

"ನನ್ನ ಹತ್ರಾನೇ ಇದೆ. ಭದ್ರವಾಗಿದೆ" ಎಂದಳು. ದನಿ ನಿಲ್ದಾಣದಲ್ಲಿ ಬರುತ್ತಿದ್ದಂತೆ ತಿಳಿಯಾಗಿ, ಸಮವಾಗಿ ಬಂತು.

"ಒಗೆದಿಲ್ಲ ತಾನೇ?"

"ಇಲ್ಲ."

ಹೆಂಗಸು ಆಗ ಮೊದಲ ಸಲ ಅವಳ ಮುಖ ನೋಡಿದಳು. ನೋಡಿದ್ದು ತುಂಬ ಹೊತ್ತು. ಬಟ್ಟೆಯ ಥಾನನ್ನು ಮಡಿಸುವ ಮುಂಚೆ ಎಲ್ಲಾದರೂ ಎಳೆ ಬಿಟ್ಟಿದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಾರಂತೆ, ಹಾಗೆ. ಆಮೇಲೆ ಕೈ ಚಾಚಿದಳು. "ಪೆನ್ನು ಕೊಡಿ ಸಿಸ್ಟರ್. ಪೆನ್ಸಿಲ್ ಬೇಡ, ಅಳಿಸ್ಬಿಡ್ತೀರಿ." ತನ್ನ ಹೆಸರನ್ನು ಒಂದೊಂದೇ ಅಕ್ಷರ ಕೂರಿಸಿ ಬರೆದಳು. ಬರೆದು, "ಕಾಲು ಹೋದ್ರೆ ಹೋಗ್ಲಿ ಬಿಡಿ, ನಿಂತ್ಕೊಂಡು ಮಾಡೋ ಕೆಲ್ಸ ಇನ್ನೆಲ್ಲಿದೆ" ಎಂದಳು. ಗಾಲಿ ಮಂಚ ತರಲು ಓಡಿದರು. ಅಧ್ಯಕ್ಷರ ಹೆಂಡತಿ ಸ್ಟೂಲಿನ ಪಕ್ಕದಲ್ಲೇ ನಿಂತಿದ್ದಳು, ಕೂರಲು ಧೈರ್ಯವಾಗಲಿಲ್ಲ.

ಕಾರು ಎರಡು ರಸ್ತೆ ದಾಟಿತು. ನಿಮಿಷದ ಮುಳ್ಳು ತನ್ನ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಕೂತಿದ್ದಳು.

"ಇಸ್ಕೊಂಡಿದ್ದು ನಾನೇ ಇರ್ಬೇಕು ಮೇಡಂ" ಎಂದಳು. "ನೆನಪಿಲ್ಲ. ಆವತ್ತು ಹೂಗುಚ್ಛಾನೇ ಹನ್ನೆರಡಿದ್ವು. ನಾನು ಕೈ ಚಾಚಿರ್ತೀನಿ, ಬಂದಿದ್ದನ್ನ ಇಸ್ಕೋತೀನಿ, ನನ್ನ ಹಿಂದೆ ಇರೋರಿಗೆ ಕೊಡ್ತೀನಿ. ನನ್ನ ಕಣ್ಣು ನಿಮ್ಮ ಮೇಲಿರತ್ತೆ. ನಾನೂ ನೋಡಲ್ಲ." ಆಮೇಲೆ, "ನಮ್ಮಮ್ಮನ ಸೀರೆ ಒಂದು ನಾನೂ ಒಗೆದಿಲ್ಲ ಮೇಡಂ" ಎಂದು, ಹೇಳಬಾರದ್ದು ಹೇಳಿದವಳಂತೆ ಕಾರ್ಯಕ್ರಮದ ಹಾಳೆ ತೆಗೆದು ಓದತೊಡಗಿದಳು. ಮಧ್ಯಾಹ್ನ ಎರಡಕ್ಕೆ ಇದ್ದ ರಾಯಭಾರಿಗಳ ಹೆಂಡತಿಯರ ಚಹಾಕೂಟವನ್ನು ಪೆನ್ನಿನಿಂದ ಹೊಡೆದುಹಾಕಿದಳು, ಯಾರೂ ಹೇಳದೆ.

ಉಡುಗೊರೆಗಳ ಉಗ್ರಾಣ ಮನೆಯ ಹಿಂಬದಿ, ಹಳೆಯ ಲಾಯದಲ್ಲಿ. ನಾಲ್ಕು ವರ್ಷದಲ್ಲಿ ಅವಳು ಅಲ್ಲಿಗೆ ಬಂದದ್ದು ಅದೇ ಮೊದಲು. ಉಗ್ರಾಣದವರು ವಯಸ್ಸಾದ ಮನುಷ್ಯ. ಗಾಬರಿಯಿಂದ ಎದ್ದು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು, ಆಮೇಲೆ ತಮ್ಮ ರಾಜ್ಯವನ್ನು ತೋರಿಸುವ ಹೆಮ್ಮೆಯಿಂದ ಮುಂದೆ ನಡೆದರು. ಕಪಾಟುಗಳಿಗೆ ಚೀಟಿ ಅಂಟಿಸಿತ್ತು. ಶಾಲು. ಫಲಕ. ಕತ್ತರಿ. ಗೊಂಬೆ. ಇತರೆ. ಅವಳು ಕತ್ತರಿಸಿದ ಅಷ್ಟೂ ಟೇಪಿನ ಅಷ್ಟೂ ಕತ್ತರಿಗಳು ಅಲ್ಲಿ ಬಾಯಿ ಮುಚ್ಚಿ ಸಾಲಾಗಿ ಮಲಗಿದ್ದವು.

"ಮೂರು ತಿಂಗಳ ಹಿಂದೆ ಆಸ್ಪತ್ರೆಯಿಂದ ಒಂದು ಬಟ್ಟೆ ಗಂಟು ಬಂದಿತ್ತಾ? ನೀಲಿ ಚೌಕಳಿ."

ಅವರು ಕಣ್ಣು ಮುಚ್ಚಿ ಯೋಚಿಸಿದರು. "ಬಟ್ಟೆ ಅಂತ ಏನು ಬಂದ್ರೂ ಅಮ್ಮಾವ್ರೇ, ಒಗೆಸಿ, ಇಸ್ತ್ರಿ ಮಾಡ್ಸಿ, ತಿಂಗಳ ಕೊನೆಗೆ ನಿರ್ಗತಿಕರ ಶಿಬಿರಕ್ಕೆ ಕಳಿಸ್ತೀವಿ. ಮಾಸಿದ ಬಟ್ಟೆ ಇಲ್ಲಿಂದ ಹೊರಗೆ ಹೋಗ್ಬಾರ್ದು. ಮನೆ ಮರ್ಯಾದೆ ಪ್ರಶ್ನೆ."

"ಎಲ್ಲಾನೂ ಒಗೆಸ್ತೀರಾ?"

"ಒಂದೂ ಬಿಡಲ್ಲ" ಎಂದರು, ಮೆಚ್ಚುಗೆ ನಿರೀಕ್ಷಿಸುತ್ತ.

ಇತರೆ ಎಂಬ ಕಪಾಟಿನಲ್ಲಿ ಕಳಿಸದೆ ಉಳಿದ ಬಟ್ಟೆಗಳಿದ್ದವು. ನೀಲಿ ಚೌಕಳಿಯ ಟವೆಲ್ಲುಗಳೇ ಮೂರು. ದೇಶದಲ್ಲಿ ಎಲ್ಲರ ಮನೆಯಲ್ಲೂ ಇರುವಂಥವು. ಒಂದೊಂದನ್ನೇ ಬಿಚ್ಚಿ ನೋಡಿದಳು. ಉಗ್ರಾಣದವರು ಬೇರೆ ಕಡೆ ತಿರುಗಿದರು, ಏಕೆಂದರೆ ಅಧ್ಯಕ್ಷರ ಹೆಂಡತಿ ಟವೆಲ್ಲನ್ನು ಎರಡು ಕೈಯಲ್ಲಿ ಹಿಡಿದು ಮೂಗಿಗೆ ಒತ್ತಿಕೊಂಡಿದ್ದಳು. ಮೂರರಲ್ಲೂ ಒಂದೇ ಸೋಪು. ಅಂಗಿಗಳನ್ನು ಮೂಸಿದಳು, ಲಂಗಗಳನ್ನು ಮೂಸಿದಳು, ಯಾರದೋ ಮಗುವಿನ ಕುಲಾವಿಯನ್ನು ಮೂಸಿದಳು. ತನ್ನ ಸೀರೆಯ ವಾಸನೆಯೂ ಅದೇ, ಗಂಡನ ಅಂಗಿಯದೂ ಅದೇ. ಇಡೀ ಮನೆಗೆ ಒಂದೇ ವಾಸನೆ. ನಾಲ್ಕು ವರ್ಷದಿಂದ ತಮ್ಮಿಬ್ಬರ ಮೈಗೆ ತಮ್ಮದೆಂಬ ವಾಸನೆಯೇ ಇಲ್ಲವೆಂಬುದು ಅವಳಿಗೆ ಆಗ ಹೊಳೆಯಿತು. ಎಲ್ಲೋ ಒಂದು ಶಿಬಿರದಲ್ಲಿ ಯಾವಳೋ ಹುಡುಗಿ, ಸತ್ತವಳ ಅಳತೆಯವಳು, ಇಸ್ತ್ರಿ ಮಾಡಿದ ಬಟ್ಟೆ ಸಿಕ್ಕಿತಲ್ಲ ಎಂದು ಖುಷಿಯಾಗಿ ತೊಟ್ಟು ಓಡಾಡುತ್ತಿರಬಹುದು. ಅವಳನ್ನು ಹುಡುಕಿಸಬಹುದು. ಹುಡುಕಿಸಿ ಏನೆನ್ನುವುದು, ಬಿಚ್ಚಿಕೊಡು ಎನ್ನುವುದೇ?

ನಾಲ್ಕೂವರೆಗೆ ನರ್ಸು ಫೋನು ಮಾಡಿದಳು. "ಆಯ್ತು ಅಮ್ಮಾ. ಜೀವಕ್ಕೆ ತೊಂದ್ರೆ ಇಲ್ಲ ಅಂದ್ರು ಡಾಕ್ಟ್ರು." ಆ ಕಡೆ ಟ್ರಾಲಿಯ ಸದ್ದು ಹಾದುಹೋಯಿತು. "ಎಚ್ಚರ ಆಯ್ತು ಈಗ. ಒಂದು ಮಾತು ನಿಮಗೆ ಹೇಳಿ ಅಂದ್ರು. ಗಂಟು ತರೋಕೆ ಅವಸರ ಬೇಡ ಅಂತೆ. ನಿಮ್ಮ ಹತ್ರಾನೇ ಇರ್ಲಿ ಅಂತೆ, ತನ್ನ ಮನೆಗಿಂತ ಅಲ್ಲೇ ಭದ್ರ ಅಂತೆ."

"ಎಚ್ಚರದಲ್ಲೇ ಹೇಳಿದ್ರಾ?"

"ಮಂಪರು ಇತ್ತು. ಆದ್ರೆ ಎರಡು ಸಲ ಹೇಳಿದ್ರು."

ಅವಳು ಫೋನು ಇಟ್ಟಳು. ಗಂಡ ಸಂಜೆ ಬಂದು, "ಹೋಗಿದ್ಯಂತೆ" ಎಂದರು. "ಹೂಂ" ಎಂದಳು. "ಏನು ಕೇಳಿದ್ಳು?" ಎಂದರು. "ಏನೂ ಇಲ್ಲ, ಅವಳ ಒಂದು ವಸ್ತು" ಎಂದಳು. ಅವರು ಇನ್ನೂ ಕೇಳಲಿದ್ದರು, ಅವಳ ಮುಖ ನೋಡಿ ಬಿಟ್ಟರು. ಪತ್ರಿಕೆಗಳು ಏನೆನ್ನುತ್ತವೋ ಎಂಬುದನ್ನೂ ಆ ದಿನ ಎತ್ತಲಿಲ್ಲ.

ಮುಂದಿನ ಗುರುವಾರ ಅವಳು ಆಸ್ಪತ್ರೆಗೆ ಹೋದಳು, ಕೈಯಲ್ಲಿ ಏನೂ ಇಲ್ಲದೆ. ನಿಜ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮೂರು ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದಳು. ಹೆಂಗಸು ಅವಳ ಕೈ ನೋಡಲಿಲ್ಲ. ಇಲ್ಲದ ಕಾಲಿನ ಹೆಬ್ಬೆರಳು ತುರಿಸುತ್ತದೆ ಎಂದಳು, ಎಲ್ಲಿ ಕೆರೆದುಕೊಳ್ಳಲಿ ಹೇಳಿ ಅಕ್ಕಾ ಎಂದು ನಕ್ಕಳು. ಅದಾದ ಮೇಲಿನ ಗುರುವಾರವೂ ಹೋದಳು, ಆಮೇಲೂ. ಮಗಳು ಬಸ್ಸಿಗೆ ಹೇಗೆ ಓಡುತ್ತಿದ್ದಳು, ಯಾವುದಕ್ಕೆ ಸಿಟ್ಟಾಗುತ್ತಿದ್ದಳು ಎಂದೆಲ್ಲ ಹೆಂಗಸು ಹೇಳಿದಳು. ಗಂಟಿನ ಮಾತು ಮಾತ್ರ ಒಂದು ಸಲವೂ ಎತ್ತಲಿಲ್ಲ. ಅಧ್ಯಕ್ಷರ ಹೆಂಡತಿ ಎತ್ತಲು ಬಾಯಿ ತೆರೆದಾಗಲೆಲ್ಲ ಕಿಟಕಿ ಹಾಕಿ ಎಂದೋ, ನೀರು ಕೊಡಿ ಎಂದೋ ಏನಾದರೂ ಕೆಲಸ ಹೇಳುತ್ತಿದ್ದಳು.

ಗಂಟು ಏನಾಯಿತೆಂದು ತಿಳಿಯಲಿಲ್ಲ. ಆ ಹೆಂಗಸು ಮೊದಲ ದಿನ ಅಷ್ಟು ಹೊತ್ತು ಮುಖ ನೋಡಿ ಸಹಿ ಮಾಡಿದಳಲ್ಲ, ಅದು ನಂಬಿ ಮಾಡಿದ್ದೋ, ಸುಳ್ಳೆಂದು ತಿಳಿದೂ ಎದುರು ನಿಂತವಳ ಮೇಲೆ ಕನಿಕರಪಟ್ಟು ಮಾಡಿದ್ದೋ, ಅದೂ ತಿಳಿಯಲಿಲ್ಲ. ಕೇಳಿದ್ದರೆ ಬಹುಶಃ ಹೇಳುತ್ತಿದ್ದಳು. ಅಧ್ಯಕ್ಷರ ಹೆಂಡತಿ ಕೇಳಲಿಲ್ಲ.